ಅಕ್ಕನ ಕೊನೆಯ ಟ್ರಿಪ್ಪೂ ನನ್ನ ವೇಯ್ಟ್‌ಲಿಸ್ಟೂ

ಒಂದು ಕಟ್ಟು ಕೊತ್ತಂಬರಿ ತರಲು ಹೋದರೂ ನಾನು ಕ್ರೆಡಿಟ್ ಕಾರ್ಡನ್ನೇ ಚಾಚುತ್ತೇನೆ. ಇದು ಚಟ ಎಂದು ನನಗೂ ಗೊತ್ತು. ಒಮ್ಮೆ ದೇವಸ್ಥಾನದ ಅರ್ಚನೆ ಚೀಟಿಯ ಕಿಟಕಿಯಲ್ಲಿ "ಕಾರ್ಡ್ ತಗೋತೀರಾ?" ಎಂದು ಕೇಳಿದಾಗ, ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನನ್ನು ಕಂಡೇ ಇಲ್ಲವೆಂಬಂತೆ ನಾಲ್ಕು ಹೆಜ್ಜೆ ಆಚೆ ಸರಿದು ನವಗ್ರಹಗಳ ಕಡೆ ಮುಖ ಮಾಡಿದಳು. ಸಿಂಗಾಪುರದ ಆಂಗ್ ಮೋ ಕಿಯೋದಲ್ಲಿರುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ದಿನವಿಡೀ ಬೇರೆಯವರು ಮಾಡಿದ ಸಾಮಾನಿನಲ್ಲಿ ಐಬು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನನ್ನ ಐಬನ್ನು ಮನೆಯವರು ಪುಕ್ಕಟೆಯಾಗಿ ಹುಡುಕಿಕೊಡುತ್ತಾರೆ.

ಈ ಚಟ ಹಚ್ಚಿದವನು ನಮ್ಮ ಬುಕಿತ್ ಪಂಜಾಂಗಿನ ಬ್ಲಾಕಿನಲ್ಲೇ ಇರುವ ಪ್ರಸನ್ನ. ಬೆಂಗಳೂರಿನವನು. ಖರ್ಚು ಮಾಡಿದಷ್ಟೂ ಬ್ಯಾಂಕಿನವರು ಪಾಯಿಂಟು ಕೊಡುತ್ತಾರೆ, ಆ ಪಾಯಿಂಟಿನಲ್ಲಿ ವಿಮಾನದ ಟಿಕೆಟ್ ಸಿಗುತ್ತದೆ ಎಂದು ವಾಯ್ಡ್ ಡೆಕ್ಕಿನ, ಅಂದರೆ ಬ್ಲಾಕಿನ ಕೆಳಗಿನ ತೆರೆದ ಜಾಗದ, ಕಲ್ಲುಬೆಂಚಿನ ಮೇಲೆ ಕೂರಿಸಿ ನನಗೆ ಉಪದೇಶ ಮಾಡಿದ್ದ. "ಆದ್ರೆ ಗುರು, ಪಾಯಿಂಟ್ಸನ್ನ ಎಕಾನಮಿ ಸೀಟಿಗೆ ಸುಡೋದು ಮಹಾಪಾಪ. ಬಿಸಿನೆಸ್ ಕ್ಲಾಸಿಗೇ ವೇಯ್ಟ್ ಮಾಡ್ಬೇಕು. ಆಗ್ಲೇ ವ್ಯಾಲ್ಯೂ" ಎಂದಿದ್ದ. ಅಂದಿನಿಂದ ನಾನು ಆಫೀಸಿನವರು ಗುಂಪಾಗಿ ಊಟಕ್ಕೆ ಹೋದಾಗಲೆಲ್ಲ ಬಿಲ್ಲನ್ನು ಓಡಿ ಹೋಗಿ ಹಿಡಿಯುವವನಾದೆ. ಹೊಸಬರು ನನ್ನನ್ನು ಧಾರಾಳಿ ಎಂದುಕೊಂಡರು. ಹಳಬರಿಗೆ ನಿಜ ಗೊತ್ತಿತ್ತು: ಪಾಯಿಂಟು ನನಗೆ, ಅವರವರ ಪಾಲಿನ ದುಡ್ಡು ಆಮೇಲೆ ವಸೂಲಿ. ಹೀಗೆ ಆರು ವರ್ಷ ಕೂಡಿಹಾಕಿದೆ. ಒಂದು ಪಾಯಿಂಟನ್ನೂ ಮುಟ್ಟಲಿಲ್ಲ.

ಇನ್ನು ನಮ್ಮಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಅವರು ಇದ್ದಕ್ಕಿದ್ದಂತೆ ತೀರಿಕೊಂಡಾಗ, ಅನುಕಂಪದ ಕೆಲಸ ಅಕ್ಕನಿಗೆ ಸಿಕ್ಕಿತು. ಕಂಡಕ್ಟರ್ ಆದಳು. ಆಗ ಮೈಸೂರಿನಲ್ಲಿ ಹೆಂಗಸು ಕಂಡಕ್ಟರ್ ಎಂದರೆ, ಎಲ್ಲಿಗೂ ಹೋಗಬೇಕಿಲ್ಲದವರೂ ನೋಡಲೆಂದೇ ಬಸ್ಸು ಹತ್ತುತ್ತಿದ್ದರು. ಅವರಿಗೂ ಅಕ್ಕ ಟಿಕೆಟ್ ಹರಿದು ಕೈಗಿಟ್ಟು, ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಿದ್ದಳು. ನನ್ನ ಡಿಪ್ಲೊಮಾ ಮುಗಿದದ್ದು ಅವಳ ಸಂಬಳದಲ್ಲಿ. ಕಾಲೇಜಿಗೆ ಹೋಗಲು ನಾನು ಅವಳ ಬಸ್ಸನ್ನೇ ಹತ್ತಿದರೆ, ತನ್ನ ಪರ್ಸಿನಿಂದ ದುಡ್ಡು ತೆಗೆದು ಚೀಲಕ್ಕೆ ಹಾಕಿ ನನಗೂ ಟಿಕೆಟ್ ಹರಿಯುತ್ತಿದ್ದಳು. "ಒಬ್ಬ ತಮ್ಮನ್ನ ಬಿಟ್ಟಿ ಬಿಟ್ರೆ ನಾಳೆ ಊರೋರೆಲ್ಲ ತಮ್ಮಂದಿರಾಗ್ತಾರೆ ಕಣೋ" ಎನ್ನುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು.

"ಸೀನ, ಮೇ ಕೊನೇ ತಾರೀಖು ನಂಗೆ ರಿಟೈರ್‌ಮೆಂಟು. ನಂಜನಗೂಡು ಟ್ರಿಪ್ಪೇ ಕೊನೇದು, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್ಸು. ನೀನು ಬರ್ಬೇಕು. ಮುಂದಿನ ಸೀಟಲ್ಲಿ ಕೂತ್ಕೋಬೇಕು. ನನ್ನ ಕೊನೇ ಟಿಕೆಟ್ ನಿನಗೇ ಕೊಡೋದು."

"ಬರ್ದೇ ಇರ್ತೀನಾ ಅಕ್ಕ!" ಎಂದೆ. ಆ ಕ್ಷಣದಲ್ಲಿ ಅದು ಅಪ್ಪಟ ಸತ್ಯವಾಗಿತ್ತು.

ಅಂದೇ ಸಂಜೆ ನೋಡಿದೆ. ಎಕಾನಮಿ ಟಿಕೆಟ್ ಅಗ್ಗವಾಗಿಯೇ ಇತ್ತು. ಪಾಯಿಂಟಿನಲ್ಲಿ ಬಿಸಿನೆಸ್ ಕ್ಲಾಸ್ ಸೀಟು ಮಾತ್ರ ಖಾಲಿ ಇರಲಿಲ್ಲ, ವೇಯ್ಟ್‌ಲಿಸ್ಟ್ ಎಂದಿತ್ತು. ಪ್ರಸನ್ನನನ್ನು ಕೇಳಿದೆ. "ಕ್ಲಿಯರ್ ಆಗುತ್ತೆ ಗುರು, ಪೇಶನ್ಸ್ ಬೇಕು" ಎಂದ. ಯಾವುದಕ್ಕೂ ಇರಲಿ ಎಂದು ಎರಡು ದಿನಕ್ಕೂ ಹೆಸರು ಬರೆಸಿದೆ, ಮೂವತ್ತಕ್ಕೊಂದು, ಮೂವತ್ತೊಂದಕ್ಕೊಂದು. ಹದಿನೈದು ವರ್ಷದ ಮಗಳು ನೂಡಲ್ಸಿನಿಂದ ತಲೆ ಎತ್ತದೆ, "ಅಪ್ಪಾ, ಜಸ್ಟ್ ಬೈ ದ ಟಿಕೆಟ್ ಲಾ" ಎಂದಳು. ಉಳಿದ ದುಡ್ಡಿನಲ್ಲಿ ಅಕ್ಕನಿಗೊಂದು ರೇಷ್ಮೆ ಸೀರೆ ತರಬಹುದಲ್ಲ ಎಂದು ಮನೆಯವರಿಗೆ ವಿವರಿಸಿದೆ. ನಿಜ ಹೇಳಬೇಕೆಂದರೆ ಸೀರೆ ಆಮೇಲೆ ಹೊಳೆದ ನೆಪ. ಆರು ವರ್ಷ ಕಾದ ಪಾಯಿಂಟಿಗೆ ತಕ್ಕ ಮರ್ಯಾದೆ ಸಿಗಬೇಕು ಎಂಬುದೇ ನನ್ನ ತಲೆಯಲ್ಲಿದ್ದದ್ದು. ಅಕ್ಕನ ಮರ್ಯಾದೆ ಎಲ್ಲಿ ಹೋಗುತ್ತದೆ, ಅವಳು ಮನೆಯವಳು.

ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ದಿನಾ ಎಲ್‌ಆರ್‌ಟಿ ರೈಲಿನಲ್ಲಿ ನಿಂತು ಮೊಬೈಲ್ ತೆಗೆದು ನೋಡುತ್ತಿದ್ದೆ. ಇಲ್ಲಿಯ ಶಾಲೆಗಳಿಗೆ ಜೂನ್ ರಜೆ ಮೇ ಕೊನೆಯಲ್ಲೇ ಶುರುವಾಗುವುದರಿಂದ ಎಕಾನಮಿ ಸೀಟುಗಳೂ ತುಂಬುತ್ತ ಬಂದವು. ಅಕ್ಕ ಮತ್ತೆ ಫೋನ್ ಮಾಡಿದಳು.

"ಟಿಕೆಟ್ ಆಯ್ತೇನೋ?"

"ಆಗ್ತಾ ಇದೆ ಅಕ್ಕ."

"ಆಗ್ತಾ ಇದೆ ಅಂದ್ರೇನೋ? ಟಿಕೆಟ್ ಅನ್ನೋದು ಹರಿದ್ರೆ ಹರೀತು, ಇಲ್ಲಾಂದ್ರೆ ಇಲ್ಲ."

ಮೂರು ದಶಕ ಟಿಕೆಟ್ ಹರಿದವಳ ಮಾತು. ನಾನು ನಕ್ಕುಬಿಟ್ಟೆ.

ಇನ್ನು ಐದು ದಿನ ಇದೆ ಎನ್ನುವಾಗ ವೇಯ್ಟ್‌ಲಿಸ್ಟ್ ಕ್ಲಿಯರ್ ಆಯಿತು. ಮೂವತ್ತೊಂದರದ್ದು. ವಿಮಾನ ಹೊರಡುವುದೇ ಅಂದು ಸಂಜೆ, ಅಂದರೆ ಅಕ್ಕನ ಬಸ್ಸು ಡಿಪೋ ಸೇರಿದ ಮೇಲೆ. ಮೂವತ್ತನೆಯ ತಾರೀಖಿಗೆ ಎಕಾನಮಿಯಲ್ಲಿ ಒಂದೇ ಒಂದು ಸೀಟು ಉಳಿದಿತ್ತು, ಜನವರಿಯಲ್ಲಿದ್ದ ಬೆಲೆಯ ಮೂರು ಪಟ್ಟಿಗೆ. "ತಗೊಂಬಿಡಿ ರೀ, ಯೋಚನೆ ಮಾಡ್ಬೇಡಿ" ಎಂದಳು ಹೆಂಡತಿ. ನಾನು ಯೋಚನೆ ಮಾಡಿದೆ. ಮೂವತ್ತರ ವೇಯ್ಟ್‌ಲಿಸ್ಟೂ ನಾಳೆ ಕ್ಲಿಯರ್ ಆಗಬಹುದಲ್ಲ, ಒಂದು ದಿನ ನೋಡೋಣ ಎಂದೆ. ಮರುದಿನ ಬೆಳಿಗ್ಗೆ ಆ ಸೀಟಿರಲಿಲ್ಲ. ಯಾರೋ ಒಬ್ಬ ಬುದ್ಧಿವಂತ ಯೋಚನೆ ಮಾಡದೆ ತೆಗೆದುಕೊಂಡಿದ್ದ.

ಅಕ್ಕನಿಗೆ ಹೇಳಿದೆ. ರಜೆ, ರಶ್ಶು ಎಂದೆಲ್ಲ ಹೇಳಿದೆ. ಪಾಯಿಂಟಿನ ಮಾತೆತ್ತಲಿಲ್ಲ. "ಸರಿ ಬಿಡು. ಹುಷಾರಾಗಿ ಬಾ" ಎಂದಳು.

ಬಿಸಿನೆಸ್ ಕ್ಲಾಸ್ ಚೆನ್ನಾಗಿಯೇ ಇತ್ತು. ಬಿಸಿ ಟವಲ್ ಕೊಟ್ಟರು. ಸೀಟು ಗುಂಡಿ ಒತ್ತಿದರೆ ಮಂಚವಾಗುತ್ತಿತ್ತು. ಬಾಗಿಲು ಹಾಕುವ ಮುಂಚೆ ಅಕ್ಕನ ಬಸ್ಸಿನ ಡ್ರೈವರ್ ಕಳಿಸಿದ ವಿಡಿಯೊ ಬಂತು. ಬಸ್ಸಿನ ಮುಂದೆ ಚೆಂಡುಹೂವಿನ ಹಾರ, ಬಾಳೆಕಂದು. ಒಳಗೆ ಖಾಕಿ ತೊಟ್ಟ ಅಕ್ಕ, ಹೆಗಲಲ್ಲಿ ಚೀಲ, ಕೈಯಲ್ಲಿ ಟಿಕೆಟ್ ಮಷೀನು. ಜನ ಚಪ್ಪಾಳೆ ತಟ್ಟುತ್ತಿದ್ದರು, ನಿಲ್ಲಲು ಜಾಗವಿಲ್ಲದಷ್ಟು ಜನ. ಆದರೆ ಮುಂದಿನ ಸೀಟೊಂದು ಖಾಲಿ ಇತ್ತು. ಅದರ ಮೇಲೆ ಒಂದು ಕರವಸ್ತ್ರ ಹಾಸಿತ್ತು. ಟವಲ್ ಹಾಕಿ ಸೀಟು ಹಿಡಿಯುವವರ ಜೊತೆ ಸರ್ವೀಸೆಲ್ಲ ಜಗಳವಾಡಿದ ನಮ್ಮಕ್ಕ, ಕೊನೆಯ ದಿನ ತಾನೇ ಕರ್ಚೀಫು ಹಾಕಿ ಸೀಟು ಹಿಡಿದಿದ್ದಳು. ನಾನು ಬರುವುದಿಲ್ಲವೆಂದು ಗೊತ್ತಿದ್ದೂ.

"ಷಾಂಪೇನ್, ಸರ್?" ಎಂದಳು ಗಗನಸಖಿ. ಬೇಡವೆಂದೆ. ಮಂಚವಾಗುವ ಆ ಸೀಟಿನಲ್ಲಿ ಬೆಂಗಳೂರಿನವರೆಗೂ ನೆಟ್ಟಗೆ ಕೂತು ಬಂದೆ.

ಮಾರನೆಯ ಬೆಳಿಗ್ಗೆ ಮೈಸೂರಿನ ಮನೆ ತಲುಪಿದಾಗ ಅಕ್ಕ ಎದ್ದು, ಮಿಂದು, ತಲೆ ಬಾಚಿ, ಎಲ್ಲಿಗೂ ಹೋಗಬೇಕಿಲ್ಲದೆ ಜಗಲಿಯಲ್ಲಿ ಕೂತಿದ್ದಳು. ಉಪ್ಪಿಟ್ಟು ಬಡಿಸಿದಳು. ಡಿಪೋದವರು ಕೊಟ್ಟ ಶಾಲು, ಗೋಡೆ ಗಡಿಯಾರ ತೋರಿಸಿದಳು. ನಾನು ಅವಸರದಲ್ಲಿ ಸೀರೆ ತಂದಿರಲಿಲ್ಲ.

"ವಿಮಾನದಲ್ಲಿ ಮಲಕ್ಕೊಂಡೇ ಬರ್ಬೋದಂತಲ್ಲೋ, ನಿನ್ನ ಹೆಂಡ್ತಿ ಹೇಳಿದ್ಲು. ನಿದ್ದೆ ಬಂತಾ?"

ಅಂದರೆ ಪಾಯಿಂಟಿನ ಕಥೆಯೆಲ್ಲ ಅವಳಿಗೆ ತಿಳಿದಿತ್ತು. "ಬಂತು ಅಕ್ಕ" ಎಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಒಳ್ಳೇದಾಯ್ತು, ನಿಂಗೆ ಸೊಂಟ ನೋವು ಬೇರೆ" ಎಂದುಬಿಟ್ಟಳು.

ಕೊನೆಗೆ ಧೈರ್ಯ ಮಾಡಿ ಕೇಳಿದೆ, "ಕೊನೇ ಟಿಕೆಟ್ ಯಾರಿಗೆ ಕೊಟ್ಟೆ?"

"ಅಯ್ಯೋ, ಕಡಕೊಳದಲ್ಲಿ ಬಾಳೆಗೊನೆ ಹೊತ್ಕೊಂಡು ಒಬ್ಬ ಹತ್ತಿದ. ನಿನ್ನ ಸೀಟಲ್ಲೇ ಕೂತ. ಐನೂರರ ನೋಟು ಕೊಟ್ಟ ಕಣೋ! ಚಿಲ್ರೆಗೆ ಮೈಸೂರು ಬರೋವರ್ಗೂ ಜಗಳ" ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಉಪ್ಪಿಟ್ಟಿನ ತಟ್ಟೆಯನ್ನು ನೋಡುತ್ತ ಕೂತೆ.

ಸಿಂಗಾಪುರಕ್ಕೆ ಮರಳಿದ ಮೇಲೆ ಲಿಫ್ಟಿನ ಬಳಿ ಪ್ರಸನ್ನ ಸಿಕ್ಕ. ಅಕ್ಕನ ಬಸ್ಸು, ಖಾಲಿ ಸೀಟು, ಕರ್ಚೀಫು ಎಲ್ಲವನ್ನೂ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ, "ರಜೆ ಸೀಸನ್ನಲ್ಲಿ ಬಿಸಿನೆಸ್ ಕ್ಲಾಸಾ? ಏನ್ ಗುರು, ಒಂದೊಂದು ಪಾಯಿಂಟಿಗೂ ಡಬಲ್ ವ್ಯಾಲ್ಯೂ ತೆಗ್ದಿದ್ದೀಯ! ನನಗೂ ಇಂಥದ್ದು ಸಿಕ್ಕಿಲ್ಲ" ಎಂದ.

ಇಂಥ ಹೊತ್ತಿನಲ್ಲಿ ಇದೆಂಥ ಮಾತು ಎಂದು ಅವನ ಮೇಲೆ ರೇಗಬೇಕಿತ್ತು. ಆದರೆ ಓದುಗರೇ, ಲಿಫ್ಟಿನ ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ನನಗೆ ಹೆಮ್ಮೆಯಾಯಿತು.