ಹದಿನೆಂಟು ಮೆಟ್ಟಿಲು ಮತ್ತು ಶಾಲಾ ಸಂಸತ್ತು

ಮಕ್ಕಳಲ್ಲಿ ನಾಯಕತ್ವ ಬೆಳೆಸಿ ಎಂದು ಸುತ್ತೋಲೆ ಬಂದಾಗಲೆಲ್ಲ ನನಗೆ ತಲೆನೋವು ಶುರುವಾಗುತ್ತಿತ್ತು. ಮಕ್ಕಳು ಹೇಗೋ ಬೆಳೆದುಬಿಡುತ್ತಾರೆ, ದೊಡ್ಡವರನ್ನು ಸಂಭಾಳಿಸುವುದೇ ಕಷ್ಟ. ಕಾರವಾರಕ್ಕೂ ಅಂಕೋಲೆಗೂ ನಡುವಿನ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲೆ ಮಾಸ್ತರನಾಗಿದ್ದೆ. ಚಿತ್ರಕಲೆಗೆ ಬೋರ್ಡ್ ಪರೀಕ್ಷೆ ಇಲ್ಲ, ಹಾಗಾಗಿ ಇವರಿಗೆ ಕೆಲಸವೂ ಇಲ್ಲ ಎಂದು ಎಲ್ಲರೂ ಸೇರಿ ಶಾಲಾ ಸಂಸತ್ತನ್ನು ನನ್ನ ಕೊರಳಿಗೆ ಕಟ್ಟಿದ್ದರು. ಏನಾದರೊಂದು ಪ್ರತಿ ವರ್ಷ ನಡೆಯುತ್ತಲೇ ಇತ್ತು. ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಮಾತ್ರ ಎಲ್ಲ ಒಟ್ಟಿಗೇ ನಡೆಯಿತು.

೧. ಮುಕ್ತ ಚುನಾವಣೆ

ಜೂನ್‌ನಲ್ಲಿ ಹೆಡ್ ಮಾಸ್ತರರು ನನ್ನನ್ನು ಕರೆದು, "ಈ ಸಲ ಚುನಾವಣೆ ಪೂರ್ತಿ ಮುಕ್ತವಾಗಿ ನಡೆಯಲಿ. ಗೆಲ್ಲುವವನು ಮಾತ್ರ ಕ್ಲಾಸಿಗೆ ಮೊದಲು ಬರುವ ಹುಡುಗನೇ ಆಗಿರಲಿ" ಎಂದರು.

ಮುಕ್ತವಾಗಿಯೇ ನಡೆಯಿತು. ಗೆದ್ದವಳು ಹತ್ತನೇ ತರಗತಿಯ ಒಬ್ಬ ಗಟ್ಟಿ ಗಂಟಲಿನ ಹುಡುಗಿ. ಬೈತಖೋಲ ಬಂದರಿನಿಂದ ಮೀನು ತಂದು ಊರಲ್ಲಿ ಮಾರುವವಳ ಮಗಳು. ಗಣಿತದಲ್ಲಿ ಮೂವತ್ತಾರು ದಾಟಿದವಳಲ್ಲ. ಪ್ರಮಾಣವಚನ ಮುಗಿದ ಕೂಡಲೇ ಬಂದು ಕೇಳಿದಳು.

"ಸರ್, ಪ್ರಧಾನಿ ಅಂದ್ರೆ ಎಂತ ಮಾಡೂದು?"

"ಗಂಟೆ ಹೊಡೆಸೋದು, ಹೂಗಿಡಕ್ಕೆ ನೀರು ಹಾಕಿಸೋದು, ಕಸ ಹೆಕ್ಕಿಸೋದು."

ಅವಳು ಸ್ವಲ್ಪ ಯೋಚನೆ ಮಾಡಿದಳು. "ಹಂಗಾರೆ ನಮ್ಮ ಪ್ಯೂನ್ ಇಷ್ಟು ವರ್ಷ ಪ್ರಧಾನಿ ಆಗಿದ್ರಾ ಸರ್?"

೨. ಎತ್ತಿಕೊಂಡು ಹೋಗುವ ಯೋಜನೆ

ಅವಳ ಗೆಳತಿಯೊಬ್ಬಳಿದ್ದಳು. ಚೆಂಡಿಯಾ ಕಡೆ ನೌಕಾನೆಲೆಗೆ ಜಾಗ ಬಿಟ್ಟು ನಮ್ಮ ಊರ ಹತ್ತಿರ ಬಂದು ನೆಲೆಸಿದ ಮನೆಯವಳು. ಪೋಲಿಯೋದಿಂದ ಎರಡೂ ಕಾಲು ಸೋತಿದ್ದವು, ಊರುಗೋಲು ಹಿಡಿದು ನಡೆಯುತ್ತಿದ್ದಳು. ಒಂಬತ್ತನೆಯ ತನಕ ಏನೂ ತೊಂದರೆ ಆಗಲಿಲ್ಲ. ಹತ್ತನೆಯದು ಮಹಡಿಯ ಮೇಲೆ. ಹದಿನೆಂಟು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ ಬೇರೆ. ಮೊದಲ ದಿನ ಆ ಹುಡುಗಿ ಮೆಟ್ಟಿಲ ಬುಡದ ಜಗುಲಿಯಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಳು.

ಹತ್ತನೇ ತರಗತಿಯನ್ನು ಕೆಳಗೆ ತನ್ನಿ ಎಂದು ಸಂಸತ್ತು ಠರಾವು ಮಾಡಿತು. ಶಿಕ್ಷಕರ ಸಭೆ ಕೂತಿತು. ಚಹಾ ಮುಗಿಯುವುದರೊಳಗೆ ನಾವು ದೊಡ್ಡವರು ಪರಿಹಾರ ಕಂಡುಹಿಡಿದೆವು: ಗಟ್ಟಿ ಹುಡುಗರಿಬ್ಬರು ದಿನಾ ಅವಳನ್ನು ಎತ್ತಿಕೊಂಡು ಹತ್ತಿಸಲಿ. ಆ ಹುಡುಗಿಯನ್ನು ಕರೆದು ಹೇಳುವ ಕೆಲಸ ನನಗೇ ಬಂತು.

"ಹದಿನೈದು ವರ್ಷದವ್ಳು ನಾನು. ದಿನಾ ಹೊತ್ಕಂಡು ಹೋಗೂಕೆ ನಾನೇನು ಅಕ್ಕಿ ಮೂಟೆಯಾ ಸರ್?" ಎಂದಳು.

ನನಗೆ ನಾಚಿಕೆಯಾಯಿತು. ಅದನ್ನೇ ಹೆಡ್ ಮಾಸ್ತರರಿಗೆ ಹೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದೆಂಥದು? ಮೂಟೆ ಯಾವತ್ತಾದರೂ ತಕರಾರು ಮಾಡ್ತದೆಯಾ?"

೩. ದೊಡ್ಡ ದನಿ

ಎರಡನೆಯ ಪರಿಹಾರ: ಮೇಲಿನವರು ದೊಡ್ಡ ದನಿಯಲ್ಲಿ ಪಾಠ ಮಾಡಬೇಕು, ಜಗುಲಿಗೆ ಕೇಳಿಸಬೇಕು. ಇತಿಹಾಸದ ಮಾಸ್ತರರು ಮನಸ್ಸಿಟ್ಟು ಕೂಗಿದರು. ಜುಲೈ ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು, ಅದಕ್ಕಿಂತ ಜೋರಾಗಿ ಕೂಗಬೇಕಲ್ಲ. ಜಗುಲಿಗೆ ಅರ್ಧಂಬರ್ಧ ಕೇಳಿಸಿತು. ಅವರ ನೇರ ಕೆಳಗಿದ್ದ ಎಂಟನೇ ತರಗತಿಗೆ ಪೂರ್ತಿ ಕೇಳಿಸಿತು.

ಕಿರುಪರೀಕ್ಷೆಯಲ್ಲಿ ಎಂಟನೆಯವರು ಮೊಹೆಂಜೊದಾರೊದ ಸ್ನಾನದ ಕೊಳದಲ್ಲಿ ಫ್ರೆಂಚ್ ಕ್ರಾಂತಿ ಮಾಡಿಟ್ಟಿದ್ದರು.

೪. ಸೂಕ್ತ ಮಾರ್ಗ

ಅಷ್ಟರಲ್ಲಿ ಆ ಹುಡುಗಿಯ ಅಪ್ಪ ಬಂದ. ಕೂಲಿ ಕೆಲಸದವನು, ಮೆಲ್ಲಗೆ ಮಾತಾಡುವವನು. "ಮಳೇಲಿ ಮಗು ಜಗುಲಿ ಮೇಲೆ ಕೂತದೆ ಸರ್. ಚೌತಿ ರಜೆ ಮುಗೂ ತನಕ ನೋಡ್ತೆ, ಆಮೇಲೆ ಸಾಲೆ ಬಿಡಿಸ್ತೆ" ಎಂದ. ಹೊರಡುವಾಗ ತಿರುಗಿ ನಿಂತು ಕೇಳಿದ. "ನಾವು ಊರಿಗೆ ಊರೇ ಎದ್ದು ಇಲ್ಲಿಗೆ ಬಂದ್ವು. ಒಂದು ಕ್ಲಾಸು ಹದಿನೆಂಟು ಮೆಟ್ಲು ಇಳೂಕೆ ಆಗೂದಿಲ್ವಾ ಸರ್?"

ಆ ಮಾತನ್ನು ಹಾಗೆಯೇ ಹೆಡ್ ಮಾಸ್ತರರಿಗೆ ಮುಟ್ಟಿಸಿದೆ.

ಹೆಡ್ ಮಾಸ್ತರರು, "ಎಲ್ಲ ಸೂಕ್ತ ಮಾರ್ಗದಲ್ಲಿ ಬರಲಿ, ಲಿಖಿತ ಅರ್ಜಿ ಕೊಡಿಸಿ" ಎಂದರು. ಪ್ರಧಾನಿ ಅರ್ಜಿ ಬರೆದಳು. ಅವರು ಅದರ ಮೇಲೆ 'ಸಂಸತ್ತಿನ ಉಸ್ತುವಾರಿ ಶಿಕ್ಷಕರ ಅಭಿಪ್ರಾಯಕ್ಕೆ' ಎಂದು ಬರೆದು ನನಗೆ ಕಳಿಸಿದರು. ನಾನು 'ಅಗತ್ಯವಾಗಿ ಮಾಡತಕ್ಕದ್ದು' ಎಂದು ಬರೆದು ವಾಪಸು ಕಳಿಸಿದೆ. ಹದಿನೈದು ದಿನ ಬಿಟ್ಟು ಅವರು 'ಸಂಸತ್ತಿನ ಅಭಿಪ್ರಾಯ ಪಡೆಯಿರಿ' ಎಂದು ಬರೆದರು. ಕಾಗದ ತಿರುಗಿ ಪ್ರಧಾನಿಯ ಕೈಗೇ ಬಂತು. ಅವಳು ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ಬರೆದಳು: 'ಈ ಅರ್ಜಿ ಓದಿದೆ. ಅಕ್ಷರ ಗುರುತು ಸಿಕ್ಕಿತು, ನನ್ನದೇ.'

೫. ಕಿಟಕಿ

ಹತ್ತನೆಯವರು ಹಿಡಿಸುವಷ್ಟು ದೊಡ್ಡ ಕೋಣೆ ಕೆಳಗೆ ಒಂದೇ ಒಂದು ಇತ್ತು. ಅದು ನಮ್ಮ ಸ್ಟಾಫ್ ರೂಮು. ಅದರ ಹೆಸರನ್ನು ಮೂರು ತಿಂಗಳು ಯಾರೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಚೌತಿ ರಜೆ ಮುಗಿದ ಮೊದಲ ದಿನ ಪ್ರಧಾನಿ ಶಿಕ್ಷಕರ ಸಭೆಗೇ ಬಂದು, "ಸ್ಟಾಫ್ ರೂಮು ಮೇಲೆ ಹೋಗ್ಲಿ, ಹತ್ತನೇದು ಇಲ್ಲಿಗೆ ಬರ್ಲಿ" ಎಂದಳು. ಕಾರಣಗಳು ಒಂದರ ಹಿಂದೆ ಒಂದು ಹೊರಬಿದ್ದವು. ಮೇಲೆ ಗಾಳಿ ಜಾಸ್ತಿ, ಉತ್ತರ ಪತ್ರಿಕೆ ಹಾರಿಹೋಗುತ್ತವೆ. ಮೇಲೆ ಬೆಳಕು ಕಮ್ಮಿ. ವಿಜ್ಞಾನದ ಅಕ್ಕೋರಿಗೆ ಎತ್ತರ ಕಂಡರೆ ತಲೆ ತಿರುಗುತ್ತದೆ.

ಹುಡುಗಿ ಎಲ್ಲ ಕೇಳಿಕೊಂಡಳು. "ಖರೇ ಕಾರಣ ನಂಗೊತ್ತು ಸರ್. ನಮ್ಮ ಆಯಿ ಮೀನು ತಕಂಡು ಬರೂದು ಈ ಕಿಟಕಿಗೆ."

ಅವಳು ಹೇಳಿದ್ದು ನಿಜ. ಹನ್ನೊಂದರ ಬಿಡುವಿಗೆ ಬೈತಖೋಲದ ಮೊದಲ ಬುಟ್ಟಿ ಬಂಗಡೆ ಮೀನು ನೇರ ನಮ್ಮ ಕಿಟಕಿಗೆ ಬರುತ್ತಿತ್ತು. ನಾವು ಆರಿಸಿ ಬಿಟ್ಟದ್ದು ಊರಿಗೆ. ಅದು ಕಚೇರಿಯ ಕಾರಕೂನರಿಗೂ ಇಲ್ಲದ ಸವಲತ್ತು. ಅದನ್ನು ಬಿಟ್ಟು ಮಹಡಿ ಹತ್ತುವ ತ್ಯಾಗಿ ನಮ್ಮಲ್ಲಿ ಒಬ್ಬನೂ ಇರಲಿಲ್ಲ.

"ಕ್ಲಾಸು ಕೆಳಗೆ ಬರೂ ತನಕ ಆಯಿ ಈ ಕಿಟಕಿಗೆ ಬರೂದಿಲ್ಲ. ಕೇಳ್ಕಂಡೇ ಬಂದೆ" ಎಂದಳು ಪ್ರಧಾನಿ. "ಕ್ಲಾಸು ಬಂದ್ರೆ, ನೀವು ಮೇಲಿಂದ ಹಗ್ಗ ಬಿಡಿ. ಆಯಿ ಬುಟ್ಟಿ ಕಟ್ಟಿ ಕಳಿಸ್ತದೆ."

ಶ್ರಾವಣವಿಡೀ ಮೀನು ಮುಟ್ಟದೆ, ಚೌತಿಯನ್ನೂ ಸಸ್ಯಾಹಾರದಲ್ಲೇ ಕಳೆದು, ಬೆಳಗಿನಿಂದ ಕಿಟಕಿ ನೋಡುತ್ತ ಕೂತಿದ್ದವರು ನಾವು. ಮೀನು ತಿನ್ನದ ಸಂಸ್ಕೃತ ಮಾಸ್ತರರೊಬ್ಬರೇ "ಇದು ಬೆದರಿಕೆ, ತತ್ವದ ಪ್ರಶ್ನೆ" ಎಂದು ಎದ್ದರು. ಉಳಿದವರು ನೋಡಿದ ನೋಟಕ್ಕೆ ಹಾಗೇ ಕೂತರು. ಮೂರು ತಿಂಗಳು ಆಗದ ಕೆಲಸ ಹನ್ನೊಂದಕ್ಕೆ ಮೊದಲು ಮುಗಿಯಿತು. ಬೆಂಚುಗಳನ್ನು ನಾವೇ ಹೊತ್ತೆವು. ಎತ್ತರಕ್ಕೆ ತಲೆ ತಿರುಗುವ ಅಕ್ಕೋರು ಮೂರು ಸಲ ಹತ್ತಿ ಇಳಿದರು.

ಬೆವರೊರೆಸಿಕೊಳ್ಳುತ್ತ ಪ್ರಧಾನಿಯನ್ನು ಕೇಳಿದೆ. "ಈ ಉಪಾಯ ಮೊದಲೇ ಯಾಕೆ ಮಾಡಲಿಲ್ಲ?"

"ಶ್ರಾವಣದಲ್ಲಿ ಹೇಳಿದ್ರೆ ನೀವು ಕೇಳ್ತಿದ್ರಾ ಸರ್?"

೬. ಸಾಹೇಬರ ಭೇಟಿ

ಎರಡು ತಿಂಗಳ ಮೇಲೆ ತಪಾಸಣೆಗೆ ಸಾಹೇಬರು ಬಂದರು. ಕೆಳಗಿನ ಹತ್ತನೇ ತರಗತಿ, ಮುಂದಿನ ಬೆಂಚಿನಲ್ಲಿ ಕೂತ ಹುಡುಗಿ, ಗೋಡೆಗೆ ಒರಗಿಸಿಟ್ಟ ಊರುಗೋಲು, ಎಲ್ಲ ನೋಡಿ ಅವರಿಗೆ ಬಹಳ ಸಂತೋಷವಾಯಿತು. ಹೆಡ್ ಮಾಸ್ತರರು ಎದೆಯುಬ್ಬಿಸಿ, "ಮಕ್ಕಳ ನಾಯಕತ್ವ ಸರ್. ನಮ್ಮದು ಬರೀ ಬೆಂಬಲ" ಎಂದರು. ನಾವೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ವಿನಯದಿಂದ ನೆಲ ನೋಡಿದೆವು.

ಸಾಹೇಬರು ಆ ಹುಡುಗಿಯ ಹತ್ತಿರ ಬಗ್ಗಿ ಕೇಳಿದರು. "ಹೇಳಮ್ಮಾ, ನಿನ್ನ ಕ್ಲಾಸು ಕೆಳಗೆ ಬರಲಿಕ್ಕೆ ಎಲ್ಲರಿಗಿಂತ ಹೆಚ್ಚು ಸಹಾಯ ಯಾರದು?"

ಆ ಹುಡುಗಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಹೆಡ್ ಮಾಸ್ತರರು ಕಣ್ಣಲ್ಲೇ ಪ್ರೋತ್ಸಾಹ ಕೊಟ್ಟರು. ಕೊನೆಗೆ ಎದ್ದು ನಿಲ್ಲಲು ಬೆಂಚು ಹಿಡಿದುಕೊಂಡು ಹೇಳಿದಳು.

"ಬಂಗಡೆದು ಸರ್."