ತವರೂರಿಗೊಂದು ‘ಎ’

ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎಂದು ನಾನು ಎದೆ ತಟ್ಟಿ ಹೇಳಬಹುದಾದ ಕೆಲಸಗಳು ಎರಡೇ. ಒಂದು ಒಗ್ಗರಣೆ ಅವಲಕ್ಕಿ. ಇನ್ನೊಂದು ಮೇನ್‌ಫ್ರೇಮ್.

ಮೇನ್‌ಫ್ರೇಮ್ ಎಂದರೆ ದೊಡ್ಡ ಆಫೀಸುಗಳ ಲೆಕ್ಕಪತ್ರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಹಳೇ ಕಾಲದ ಭಾರಿ ಕಂಪ್ಯೂಟರ್. ಕಪ್ಪು ಸ್ಕ್ರೀನು, ಹಸಿರು ಅಕ್ಷರ, ಮೌಸ್ ಗೀಸ್ ಏನೂ ಇಲ್ಲ. ಬೆಂಗಳೂರಿನ ಒಂದು ವಿಮಾ ಕಂಪನಿಯಲ್ಲಿ ಅದರ ಮುಂದೆ ಕೂತೇ ನನ್ನ ಯೌವನ ಕಳೆಯಿತು. ನಿವೃತ್ತಿಯಾದ ಮೇಲೆ ಈಗ ಯಜಮಾನರ ಊರಾದ ಶಿಕಾರಿಪುರದಲ್ಲಿದ್ದೇವೆ. ಅವರು ತಮ್ಮ ಅಣ್ಣನ ಪೈಪಿನ ಅಂಗಡಿಯಲ್ಲಿ ಕೂರುತ್ತಾರೆ. ನಾನು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ, ಕಂಪನಿಯವರಿಗೆ ನನ್ನ ನೆನಪಾದಾಗ.

ಮೊನ್ನೆ ನೆನಪಾಯಿತು. ಹಿಂದೆ ನನ್ನ ಜೂನಿಯರ್ ಆಗಿದ್ದು ಈಗ ಅಲ್ಲಿನ ಮ್ಯಾನೇಜರ್ ಆಗಿರುವ ನಳಿನಿಯ ಫೋನು.

“ಮೇಡಂ, ಸ್ಮಾಲ್ ಹೆಲ್ಪ್. ಪಾಲಿಸಿದಾರರ ವಿಳಾಸಗಳಲ್ಲಿ ಊರ ಹೆಸರೆಲ್ಲ ಹಳೇ ಸ್ಪೆಲ್ಲಿಂಗ್‌ನಲ್ಲೇ ಇದೆ. ನಿಮ್ಮ ಶಿಕಾರಿಪುರ, ಸೊರಬ ಎರಡನ್ನೂ ಟೆಸ್ಟ್ ಕಾಪಿಯಲ್ಲಿ ತಿದ್ದಿಕೊಡ್ತೀರಾ? ಸಂಜೆ ಮೀಟಿಂಗ್‌ನಲ್ಲಿ ತೋರಿಸ್ತೀನಿ. ಒಪ್ಪಿದರೆ ಹೊಸ ಸ್ಪೆಲ್ಲಿಂಗ್. ಎಡವಟ್ಟಾದರೆ ಈ ವಿಷಯ ಕ್ಲೋಸ್ ಅಂದಿದಾರೆ.”

ನನ್ನ ಮೈ ಜುಮ್ಮೆಂದಿತು. ಸೊರಬ ನನ್ನ ತವರು! ಇಂಗ್ಲಿಷಿನಲ್ಲಿ ಅದನ್ನು ಯಾವಾಗಲೂ SORAB ಎಂದೇ ಬರೆಯುತ್ತಿದ್ದರು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ “ಯೂ, ಸೊರ್‍ಯಾಬ್ ಗರ್ಲ್!” ಎಂದು ಕರೆದಾಗಲೆಲ್ಲ, ನಮ್ಮೂರಿನ ಬಾಲ ಯಾರೋ ಕತ್ತರಿಸಿಕೊಂಡು ಹೋದಂತೆ ನನಗೆ ಅಳು ಬರುತ್ತಿತ್ತು. ಅಮ್ಮ ಮಾತ್ರ ಹಾಸ್ಟೆಲ್ಲಿಗೆ ಬರೆಯುವ ಇನ್‌ಲ್ಯಾಂಡ್ ಲೆಟರಿನ ಹಿಂದೆ ಕನ್ನಡದಲ್ಲಿ ‘ಸೊರಬ’ ಎಂದು ಇಡಿಯಾಗಿ ಬರೆಯುತ್ತಿದ್ದಳು. ಇಂಗ್ಲಿಷಿನಲ್ಲಿ ಕಳೆದುಹೋದ ಆ ಕೊನೆಯ ‘ಎ’ಯನ್ನು ವಾಪಸು ಕೊಡಿಸುವ ಭಾಗ್ಯ ಈ ವಯಸ್ಸಿನಲ್ಲಿ ನನ್ನ ಪಾಲಿಗೆ ಬಂದಿದೆ ಎಂದ ಮೇಲೆ ಬಿಡುವುದುಂಟೆ?

ಒಂದು ಮ್ಯಾಕ್ರೋ ಬರೆದೆ. ಅಂದರೆ, ಫೈಲು ತಿದ್ದುವ ಎಡಿಟರ್‌ನಲ್ಲಿ ಅದರ ಹೆಸರು ಹೊಡೆದ ಕೂಡಲೇ ತಿದ್ದುಪಡಿಯನ್ನೆಲ್ಲ ತಾನೇ ಮಾಡಿ ಮುಗಿಸುವ ಪುಟ್ಟ ಸ್ಕ್ರಿಪ್ಟು. ಯಾವ ಊರನ್ನು ಏನೆಂದು ಬದಲಿಸಬೇಕು ಎಂಬ ಪಟ್ಟಿ ಬೇರೆ ಫೈಲಿನಲ್ಲಿ ಇರುತ್ತದೆ. ಮ್ಯಾಕ್ರೋ ಆ ಹೊರಗಿನ ಫೈಲನ್ನು ತೆರೆದು, ಸಾಲುಸಾಲಾಗಿ ಓದಿ, ತಿದ್ದಿ, ಮುಚ್ಚಬೇಕು.

ಊಟಕ್ಕೆ ಬಂದ ಯಜಮಾನರು ಹಿಂದೆ ನಿಂತು ನೋಡಿದರು. “ಎರಡು ಊರಿಗೆ ಇಷ್ಟೆಲ್ಲ ಯಾಕೇ? ಮ್ಯಾಕ್ರೋ ಒಳಗೇ ಬರದ್ರೆ ಆಗಲ್ವಾ?”

“ಅಡಿಗೆ ಭಟ್ಟರು ಹಣೆ ಮೇಲೆ ಮೆನು ಬರಕೊಂಡು ಓಡಾಡ್ತಾರೇನ್ರೀ? ಚೀಟಿ ನೋಡ್ತಾರೆ. ನಾಳೆ ಮೆನು ಬದಲಾದ್ರೆ ಚೀಟಿ ಬದಲಾಗುತ್ತೆ, ಭಟ್ಟರಲ್ಲ. ಇದು ಟೆಕ್ನಿಕ್!”

“ಆತು ಮಾರಾಯ್ತಿ, ಭಟ್ಟರು ಮೊದ್ಲು ಅನ್ನ ಹಾಕಲಿ.”

ಅನ್ನ ಹಾಕಿದೆ. ಮ್ಯಾಕ್ರೋ ಓಡಿಸಿದೆ. ಬದಲಾವಣೆ ಆಯಿತು ಎಂಬ ಸಂದೇಶವೂ ಬಂತು. ಅವರಿಗೆ ಸಾರು ಬಡಿಸುವ ಗಡಿಬಿಡಿಯಲ್ಲಿ ನೋಡುವುದಕ್ಕೇನಿದೆ ಎಂದು “ಡನ್!” ಎಂಬ ಮೆಸೇಜು ಕಳಿಸಿಬಿಟ್ಟೆ. ಮಜ್ಜಿಗೆಗೆ ಬರುವಷ್ಟರಲ್ಲಿ ಫೋನು.

“ಮೇಡಂ, ಈ ಕೇಸರಿಬಾತ್ ಯಾವ ತಾಲ್ಲೂಕು?”

“ಏನು?”

“ಬಸ್‌ಸ್ಟ್ಯಾಂಡ್ ರೋಡ್, ಕೇಸರಿಬಾತ್ ಅಂತಿದೆ. ಇನ್ನೊಂದು, ಕೆಳಗಿನ ಕೇರಿ, ಉಪ್ಪಿಟ್ಟು.”

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಮಷೀನಿಗೊಂದು ಸ್ವಭಾವ. ಫೈಲಿನ ಪೂರ್ತಿ ಹೆಸರಿಗೆ ಎರಡೂ ಕಡೆ ಕೋಟ್ ಮಾರ್ಕ್ ಹಾಕದಿದ್ದರೆ, ಇದು ನಿಮ್ಮ ಸ್ವಂತದ್ದೇ ಇರಬೇಕು ಎಂದುಕೊಂಡು ಮುಂದೆ ನಮ್ಮದೇ ಹೆಸರು ಅಂಟಿಸಿ ನಮ್ಮ ಫೈಲನ್ನು ತೆರೆಯುತ್ತದೆ. ನಾನು ಕೋಟ್ ಮರೆತಿದ್ದೆ. ಅದು ಆಫೀಸಿನ ಪಟ್ಟಿಯನ್ನು ಬಿಟ್ಟು, ಬೆಳಿಗ್ಗೆ ಪ್ರಾಕ್ಟೀಸಿಗೆಂದು ನಾನು ಅದೇ ಹೆಸರಿನಲ್ಲಿ ಬರೆದಿಟ್ಟ ತಮಾಷೆಯ ಪಟ್ಟಿಯನ್ನು ಓದಿತ್ತು!

ಯಜಮಾನರು ಬಗ್ಗಿ ಸ್ಕ್ರೀನ್ ನೋಡಿದರು. ನಕ್ಕಾರೆಂದುಕೊಂಡೆ. ಅವರ ಮುಖ ಗಂಭೀರವಾಯಿತು.

“ಅಲ್ಲಾ, ನಿಮ್ಮೂರು ಕೇಸರಿಬಾತು, ನಮ್ಮೂರು ಉಪ್ಪಿಟ್ಟಾ?”

“ಸುಮ್ನೆ ತೋಚಿದ್ದು ಬರದಿದ್ದೆ ಕಣ್ರೀ.”

“ತೋಚಿದ್ದೇ ನಿಜ ಇರ್ತತಿ. ಹೋಗ್ಲಿ, ಉಪ್ಪಿಟ್ಟಿಗೆ ಗೋಡಂಬಿನಾದ್ರೂ ಹಾಕಿದ್ಯಾ?”

ಅಷ್ಟರಲ್ಲಿ ನಳಿನಿ ಹೊಸ ಕಾಪಿ ಕಳಿಸಿದಳು. ಕೋಟ್ ಹಾಕಿದೆ, ಕೂತಲ್ಲೇ ಅಮ್ಮನನ್ನು ನೆನೆದೆ, ಎಂಟರ್ ಒತ್ತಿದೆ. ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು! ಇಂಟರ್ನೆಟ್ಟೂ ಅದರ ಬೆನ್ನಿಗೇ ಹೋಯಿತು. ಮರಳಿ ಬಂದಾಗ ಮ್ಯಾಕ್ರೋ ಓಡಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ಬುದ್ಧಿವಂತರು ರುಚಿ ನೋಡುತ್ತಾರೆ. ನಾನು ಸೇಫ್ಟಿಗಿರಲಿ ಎಂದು ಇನ್ನೊಮ್ಮೆ ಹಾಕುವವಳು. ಇನ್ನೊಮ್ಮೆ ಒತ್ತಿದೆ. ಸ್ಕ್ರೀನ್ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದೆ.

SORABAAA.

ಪ್ರತಿ ಸಲವೂ ಅದು SORAB ಎಂಬ ಅಕ್ಷರಗಳನ್ನು ಹುಡುಕಿ, ಸಿಕ್ಕಲ್ಲೆಲ್ಲ ಬಾಲಕ್ಕೆ ಒಂದು ‘ಎ’ ಅಂಟಿಸಿತ್ತು. ಮೊದಲೇ ಅಂಟಿದ್ದ ‘ಎ’ಯ ಪರಿವೆಯೇ ಅದಕ್ಕಿರಲಿಲ್ಲ!

ಯಜಮಾನರು ಜೋರಾಗಿ ಓದಿದರು. “ಸೊರಬಾ... ಆ... ಆ! ಅಂಬ್ಲಿಗೊಳ ಡ್ಯಾಮಿನ ಆ ದಂಡೆಯಿಂದ ಕೂಗಿ ಕರದಂಗೆ ಐತಲ್ಲೇ!”

“ನೀವು ಅಂಗಡಿಗೆ ಹೋಗ್ರೀ!”

“ಅಂಗಡಿ ದಿನಾ ಇರ್ತತಿ. ಇಂಥದ್ದು ದಿನಾ ಸಿಗಲ್ಲ.” ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ನಳಿನಿಯ ದನಿ ಈ ಸಲ ಸಣ್ಣಗಾಗಿತ್ತು. “ಮೇಡಂ, ಮಿಸ್ಟರ್ ಸೊರಾಬ್‌ಜಿ ಅಂತ ಒಬ್ಬ ಹಳೇ ಪಾಲಿಸಿದಾರರು. ಅವರ ಹೆಸರಿಗೂ ‘ಎ’ಗಳು ಹತ್ತಿಕೊಂಡು ಸೊರಬಾಜಿ ಆಗಿದಾರೆ.”

“ಬಾಜಿ!” ಯಜಮಾನರು ತೊಡೆ ತಟ್ಟಿದರು. “ಕೇಸರಿಬಾತು, ಉಪ್ಪಿಟ್ಟು, ಈಗ ಬಾಜಿ. ಚಾ ಒಂದು ತರಿಸ್ಲಾ?”

ನನಗೆ ನಗು ಬರಲಿಲ್ಲ. “ಮೇಡಂ, ಮೀಟಿಂಗ್‌ಗೆ ಕರೀತಿದಾರೆ. ಬೇಡ ಅಂತ ಹೇಳಿಬಿಡ್ಲಾ?” ಎಂದಳು ನಳಿನಿ. ಬೇಡ ಎಂದರೆ ಮುಗಿಯಿತು. ನಮ್ಮೂರು ಶಾಶ್ವತವಾಗಿ ಸೊರ್‍ಯಾಬ್. ಇನ್ನೊಬ್ಬಳು ನಿವೃತ್ತೆ ಹುಟ್ಟಿ ಬಂದು ತಿದ್ದುವವರೆಗೆ ಅದಕ್ಕೆ ಬಾಲವಿಲ್ಲ.

“ಒಂದೇ ನಿಮಿಷ ಕೊಡು ಮಗಾ. ಇನ್ನೊಂದು ಕಾಪಿ ಕಳಿಸು” ಎಂದೆ. ಈ ಸಲ ಕೈಗೆ ಬುದ್ಧಿ ಬಂತು. ಆ ಎಡಿಟರ್‌ನಲ್ಲಿ WORD ಎಂಬ ಒಂದು ಪದ ಸೇರಿಸಿದರೆ, ಇಡೀ ಪದ ಸಿಕ್ಕರೆ ಮಾತ್ರ ಬದಲಿಸುತ್ತದೆ, ತುಂಡು ಸಿಕ್ಕರೆ ಮುಟ್ಟುವುದಿಲ್ಲ. ಹೊಸಬರಿಗೆಲ್ಲ ಮೊದಲ ದಿನವೇ ಇದನ್ನು ಕಲಿಸುತ್ತಿದ್ದವಳು ನಾನೇ! ಸೇರಿಸಿದೆ. ಒಮ್ಮೆ ಮಾತ್ರ ಒತ್ತಿದೆ. ಒತ್ತಿದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತೆ.

ಸಂಜೆ ನಳಿನಿ ಅಚ್ಚಾದ ಹಾಳೆಯ ಫೋಟೋ ಕಳಿಸಿದಳು. “ಪಾಸಾಯ್ತು ಮೇಡಂ! ಇವತ್ತಿನ ನೋಟೀಸುಗಳೂ ಇದರಲ್ಲೇ ಅಚ್ಚಾಗಿ ಕವರಿಗೆ ಹೋದವು.” SORABA. ಒಂದೇ ‘ಎ’. ಮುತ್ತಿನಂಥ ‘ಎ’. ಸೊರಾಬ್‌ಜಿಯವರೂ ಕ್ಷೇಮ. ನನ್ನ ಕಣ್ಣು ಒಂದಿಷ್ಟು ಒದ್ದೆಯಾಯಿತು. ಫೋನನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಕೆಳಗಿನ ಸಾಲಿಗೆ ಹೋದರು.

“ಇದೇನೇ ಇದು? ನಮ್ಮೂರಿನ ‘ಎ’ ಎಲ್ಲೋತು?”

SHIKARIPUR.

ನಳಿನಿಯನ್ನು ಕೇಳಿದೆ. “ಅಯ್ಯೋ ಮೇಡಂ, ಅಚ್ಚು ಹಾಕೋ ಪ್ರೋಗ್ರಾಂನಲ್ಲಿ ಊರಿಗೆ ಹತ್ತೇ ಅಕ್ಷರದ ಜಾಗ. ಹನ್ನೊಂದನೆಯದು ಕಟ್ ಆಗುತ್ತೆ. ನೀವೇ ಬರೆದ ಪ್ರೋಗ್ರಾಂ ಅಲ್ವಾ?”

ಹೌದಂತೆ. ನಾನೇ ಬರೆದದ್ದಂತೆ.

ಯಜಮಾನರು ಆಗಲೇ ತಮ್ಮ ಅಣ್ಣನಿಗೆ ಫೋನ್ ಹಚ್ಚಿದ್ದರು. “ಅಣ್ಣಾ, ನಿನ್ನ ನಾದಿನಿ ಭಾಳ ಒಳ್ಳೇಕಿ, ತವರಿಗೆ ಒಂದು ಚಮಚ ಸೈತ ಸಾಗಿಸಿಲ್ಲ ಅಂತಿದ್ಯಲ್ಲ? ಇವತ್ತು ನಮ್ಮೂರಿನ ಒಂದು ಅಕ್ಷರನೇ ಕಿತ್ಕಂಡು ಸೊರಬಕ್ಕೆ ಕಳಿಸ್ಯಾಳೆ ನೋಡು!”

ಏನು ವಾದಿಸಲಿ? ಕದ್ದ ಮಾಲು ಅಚ್ಚಾಗಿ, ಮಡಚಿ, ಕವರಿಗೆ ಬಿದ್ದಾಗಿತ್ತು!