ಸ್ಕೂಟರ್ ದುಡ್ಡಿನಲ್ಲಿ ಕ್ರಿಪ್ಟೊ

ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು ಜನರ ಮುಂದೆ ನಗೆಪಾಟಲಾಗುವುದು ವಾರಕ್ಕೊಮ್ಮೆಯಾದರೂ ಇದ್ದದ್ದೇ. ಒದೆಸಿಕೊಳ್ಳುತ್ತೇವೆ, ಸಗಣಿಯಲ್ಲಿ ಜಾರುತ್ತೇವೆ. ಆದರೆ ಕಳೆದ ಆರು ತಿಂಗಳಲ್ಲಿ ನನ್ನ ಮಾನ ಕಳೆದದ್ದು ದನಗಳಲ್ಲ, ಕ್ರಿಪ್ಟೊ ಎಂಬ ಕಣ್ಣಿಗೆ ಕಾಣದ ನಾಣ್ಯ.

ತರೀಕೆರೆಯ ಸಹೋದ್ಯೋಗಿಯೊಬ್ಬರು ಮೊಬೈಲ್ ತೋರಿಸಿ ನನ್ನ ತಲೆ ಕೆಡಿಸಿದರು. ನನ್ನ ಹೆಂಡತಿ ಬುಕ್ಕಾಂಬುಧಿಯಲ್ಲಿ ಟೀಚರ್. ಅಜ್ಜಂಪುರದಿಂದ ದಿನಾ ಬಸ್ಸಿಗೆ ಕಾದು ಸಾಕಾಗಿ, ಸ್ಕೂಟರಿಗೆಂದು ನಲವತ್ತು ಸಾವಿರ ಕೂಡಿಟ್ಟಿದ್ದಳು. ಕಾಡಿ ಬೇಡಿ ಅದನ್ನೇ ಇಸಿದುಕೊಂಡೆ. ಅವಳು ಒಂದೇ ಷರತ್ತು ಹಾಕಿದಳು: "ಮೂವತ್ತಕ್ಕೆ ಇಳೀತು ಅಂದ್ರೆ ಆ ಕ್ಷಣ ಮಾರ್ಬೇಕು. ನೋಡಣ, ಮಾಡಣ ಅನ್ನಂಗಿಲ್ಲ."

ಜ್ವರ ಯಾರಿಗೆ?

ಕೊಂಡು ನಾಲ್ಕೇ ದಿನ. ಹಳ್ಳಿಯೊಂದರಲ್ಲಿ ಹಸುವಿಗೆ ಜ್ವರ ಎಂದು ಕರೆದರು. ಬಾಲ ಎತ್ತಿ ಥರ್ಮಾಮೀಟರ್ ಇಟ್ಟು, ಆ ಎರಡು ನಿಮಿಷ ಸುಮ್ಮನಿರಲಾರದೆ ಮೊಬೈಲ್ ತೆಗೆದೆ. ನಲವತ್ತು ಸಾವಿರ ಇದ್ದದ್ದು ಮೂವತ್ತಾರಾಗಿತ್ತು. ಬೆವರು ಕಿತ್ತುಕೊಂಡು ಬಂತು. ಹಸುವಿನ ಯಜಮಾನಿ ನನ್ನ ಹಣೆ ಮುಟ್ಟಿ ನೋಡಿದಳು.

"ಅಯ್ಯೋ ಡಾಕ್ಟ್ರೇ, ಹಸುಗಿಂತ ನಿಮಗೇ ಜಾಸ್ತಿ ಐತಲ್ಲ! ಆ ಕಡ್ಡಿ ತೊಳ್ಕೊಡ್ತೀನಿ, ನೀವೂ ಒಂದ್ಸಲ ಇಡಿಸ್ಕಳಿ."

ರಾಹುಕಾಲ

ಒಂದು ಶುಕ್ರವಾರ ಹತ್ತೂ ಮುಕ್ಕಾಲಿಗೆ ಮೂವತ್ತಕ್ಕೆ ಬಂದು ನಿಂತಿತು. ತನ್ನ ಮೊಬೈಲಲ್ಲಿ ರೇಟು ನೋಡಿದ ಹೆಂಡತಿ ಶಾಲೆಯಿಂದಲೇ ಫೋನ್ ಮಾಡಿದಳು. "ಮಾರಿದ್ರಾ?"

ಮಾರುವ ಬಟನ್ ಮೇಲೆ ಬೆರಳಿಟ್ಟವನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಈಗ ರಾಹುಕಾಲ ಕಣೇ. ಹನ್ನೆರಡಕ್ಕೆ ಮುಗೀತದೆ, ಆಮೇಲ್ ಮಾರ್ತೀನಿ."

ನಿಜ ಹೇಳಬೇಕೆಂದರೆ ನನಗೆ ರಾಹುವಿನ ಭಯಕ್ಕಿಂತ ನಷ್ಟ ಒಪ್ಪಿಕೊಳ್ಳುವ ಭಯ ದೊಡ್ಡದಿತ್ತು. ಹನ್ನೆರಡು ಹೊಡೆಯುವ ಹೊತ್ತಿಗೆ ಇಪ್ಪತ್ತಾರಕ್ಕೆ ಇಳಿದಿತ್ತು. ಈಗ ಮಾರಿದರೆ ಇನ್ನೂ ನಷ್ಟ ಎಂದು ಸುಮ್ಮನೆ ಕೂತೆ. ಸಂಜೆ ಅವಳು ಬಸ್ಸಿಳಿದು ಬಂದವಳೇ ಕೇಳಿದಳು, "ಮಾರಕ್ಕೆ ರಾಹುಕಾಲ ನೋಡಿದ್ರಿ. ಕೊಂಡಿದ್ದು ಯಾವಾಗ?"

"ಬುಧವಾರ, ಊಟ ಮಾಡ್ಕಂಡು, ಒಂದ್ ಗಂಟೆಗೆ."

ಅವಳು ಕ್ಯಾಲೆಂಡರ್ ತಂದು ಮಡಿಲಿಗೆ ಹಾಕಿದಳು. ಬುಧವಾರ ರಾಹುಕಾಲ ಹನ್ನೆರಡರಿಂದ ಒಂದೂವರೆ.

ಅಕ್ಕಿ ಡಬ್ಬ

ಗಳಿಗೆಗೊಮ್ಮೆ ರೇಟು ನೋಡುವುದೇ ನನ್ನ ರೋಗ ಎಂದು ಹೆಂಡತಿ ಭಾನುವಾರ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ನಾನು ಎಂದೂ ಇಲ್ಲದ ಉತ್ಸಾಹದಿಂದ "ಇವತ್ತು ಅನ್ನ ನಾನೇ ಮಾಡ್ತೀನಿ" ಎಂದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆಗೆ ಮೊಸರನ್ನ. ಪ್ರತಿ ಸಲವೂ ಡಬ್ಬಕ್ಕೆ ಕೈ ಹಾಕಿದಾಗ ರೇಟು ನೋಡುವುದು, ನಿಟ್ಟುಸಿರು ಬಿಡುವುದು.

ರಾತ್ರಿ ಕೈ ತೊಳೆಯುತ್ತಾ ಹೆಂಡತಿ ಹೇಳಿದಳು, "ಎಲ್ಲಾ ಗೊತ್ತು ಬಿಡಿ. ಇನ್ನೊಂದ್ ವಾರ ಇಳೀಲಿ, ನಂಗೂ ರೆಸ್ಟ್ ಸಿಗ್ತದೆ."

ಟವೆಲ್ ಕೆಳಗೆ

ಆಮೇಲೆ ಏರತೊಡಗಿತು. ಇಪ್ಪತ್ತಾರು ಮೂವತ್ತಾಯಿತು, ನಲವತ್ತೆರಡೂ ಆಯಿತು. "ಈಗಾದ್ರೂ ಮಾರಿ, ನನ್ ಸ್ಕೂಟರ್ ಬರಲಿ" ಎಂದಳು. ನಾನು ಐವತ್ತಾಗಲಿ ಎಂದು ಹಟ ಹಿಡಿದೆ. ಇಬ್ಬರದೂ ಜೋರು ಜಗಳ. ಅಷ್ಟರಲ್ಲಿ ಎತ್ತುಗಳ ಸರ್ಟಿಫಿಕೇಟಿಗೆಂದು ಕಡೂರಿನ ಹಳೇ ದನದ ದಲ್ಲಾಳಿಯೊಬ್ಬರು ಮನೆಗೇ ಬಂದರು. ಸಂತೆಯಲ್ಲಿ ಯಾರಿಗೂ ಕಾಣದಂತೆ ಟವೆಲ್ ಕೆಳಗೆ ಬೆರಳು ಹಿಡಿದೇ ಬೆಲೆ ಮಾತಾಡಿ ತಲೆ ಹಣ್ಣಾದವರು. ವಿಷಯ ಕೇಳಿದವರೇ ಹೆಗಲ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿದರು.

"ಮೊಬೈಲ್ ಈ ಅವ್ವಂಗ್ ಕೊಡಿ. ನೀವ್ ಬಾಯ್ ಬಿಡಂಗಿಲ್ಲ, ಬೆರಳಲ್ಲಿ ಹೇಳಿ."

ನಾನು ಐದೂ ಬೆರಳು ಒತ್ತಿದೆ. ಐವತ್ತು. ಅವರು ತಲೆಯಾಡಿಸಿ ನಾಲ್ಕು ಹಿಡಿದರು, ಮತ್ತೆ ಎರಡು ಹಿಡಿದರು, ಅಂದರೆ ನಲವತ್ತೆರಡು. ನಾನು ನಾಲ್ಕು ಹಿಡಿದು ಐದು ಹಿಡಿದೆ. ಎತ್ತಿನ ಮೂಗುದಾರ ಹಿಡಿದು ಗಟ್ಟಿಯಾದ ಅವರ ಕೈ, ಬಿಡಲೇ ಇಲ್ಲ. ಹತ್ತು ನಿಮಿಷಕ್ಕೆ ಬೆರಳು ಜೋಮು ಹಿಡಿದು, ಕೊನೆಗೆ ನಾಲ್ಕು, ಎರಡು ಒಪ್ಪಿದೆ. "ಆಯ್ತು!" ಎಂದು ಅವರು ಕೂಗಿದ್ದಕ್ಕೂ ಹೆಂಡತಿ ಬಟನ್ ಒತ್ತಿದ್ದಕ್ಕೂ ಸರಿಹೋಯಿತು. ಆರು ತಿಂಗಳ ಮೇಲೆ ಮೊದಲ ಸಲ ನನಗೆ ಹಸಿವಾಯಿತು.

ಮುಗಿಯಿತೆಂದುಕೊಂಡರೆ ದಲ್ಲಾಳಿ ಏಳಲಿಲ್ಲ. "ನಮ್ಗೆ ಎರಡೂ ಕಡೆಯಿಂದ ದಲ್ಲಾಳಿ ದುಡ್ಡು ಬರ್ಬೇಕು. ಮಾರ್ದೋರು ನೀವು ಸರಿ. ಕೊಂಡೋರ್ನ ಕರೀರಿ."

"ಅವರು ಯಾವ ದೇಶದೋರೋ ಯಾರಿಗ್ ಗೊತ್ತು!"

"ಹಂಗಂದ್ರೆ ಹೆಂಗ್ ಡಾಕ್ಟ್ರೇ? ಕೊಂಡೋರೇ ಇಲ್ದೆ ಇದೆಂಥಾ ವ್ಯಾಪಾರ?"

ಹೆಂಡತಿ ನಗುತ್ತಾ ಒಳಗಿಂದ ಎರಡು ನೂರರ ನೋಟು ತಂದು ಅವರ ಕೈಗಿಟ್ಟಳು. "ಕೊಂಡೋಳು ನಾನೇ ಅನ್ಕಳಿ ಅಜ್ಜಾ. ಆ ಮೊಬೈಲಿಂದ ನನ್ ಗಂಡನ್ನ ವಾಪಸ್ ಕೊಂಡ್ಕಂಡೆ."

ದಲ್ಲಾಳಿ ನೋಟು ಜೇಬಿಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚಿಂತೆಯಿಂದ ಕೇಳಿದರು:

"ವಯಸ್ಸಾದಂಗೈತೆ, ಹಲ್ ನೋಡ್ಕಂಡ್ ತಗಂಡ್ರೇನವ್ವಾ?"